ರೆಂಬ್ರಾಂಟ್‌ನ ಮೇಜಿನ ಮೇಲೆ ಷಹಜಹಾನ್

1656ರ ಜುಲೈ ತಿಂಗಳಲ್ಲಿ ಆಮ್‌ಸ್ಟರ್‌ಡಾಮ್ ನಗರದ ಒಂದು ದೊಡ್ಡ ಮನೆಗೆ ಗುಮಾಸ್ತರು ಬಂದು, ಒಂದೊಂದೇ ಕೋಣೆ ಹೊಕ್ಕು, ಸಾಮಾನುಗಳ ಪಟ್ಟಿ ಬರೆದರು. ಮನೆಯ ಯಜಮಾನ ಸಾಲ ತೀರಿಸಲಾಗದೆ ದಿವಾಳಿಯಾಗಿದ್ದ. 1639ರಲ್ಲಿ 13,000 ಗಿಲ್ಡರ್ ಬೆಲೆಗೆ ಕೊಂಡ ಮನೆ ಅದು. 17 ವರ್ಷ ಕಳೆದರೂ ಆ ಬೆಲೆಯ ಬಾಕಿ ಪೂರ್ತಿ ತೀರಿರಲಿಲ್ಲ. ಪಟ್ಟಿ 363 ಬಾಬುಗಳವರೆಗೆ ಬೆಳೆಯಿತು. ಕುರ್ಚಿ, ಹಾಸಿಗೆ, ಕನ್ನಡಿಗಳ ಜೊತೆಗೆ ರಾಶಿ ರಾಶಿ ಚಿತ್ರಗಳು, ಶಿಲ್ಪಗಳು, ಹಳೆಯ ಆಯುಧಗಳು, ಸಮುದ್ರದ ಚಿಪ್ಪುಗಳು. ಇವುಗಳ ನಡುವೆ ಒಂದು ಪುಸ್ತಕವೂ ಇತ್ತು. ಅದರಲ್ಲಿ ಅಪರೂಪದ ಸಣ್ಣ ಚಿತ್ರಗಳೂ ನಾನಾ ದೇಶದ ಉಡುಪುಗಳನ್ನು ತೋರಿಸುವ ಅಚ್ಚುಚಿತ್ರಗಳೂ ಇವೆಯೆಂದು ಗುಮಾಸ್ತ ಒಂದೇ ಸಾಲಿನಲ್ಲಿ ಬರೆದು ಮುಂದಿನ ವಸ್ತುವಿಗೆ ಹೋದ.

ದಿವಾಳಿಯಾದ ಆ ಯಜಮಾನನೇ ರೆಂಬ್ರಾಂಟ್. ಲೈಡನ್ ಊರಿನ ಹಿಟ್ಟಿನ ಗಿರಣಿಯವನ ಮಗ, 1606ರಲ್ಲಿ ಹುಟ್ಟಿದವನು. ಯುರೋಪಿನ ಚಿತ್ರಕಲೆಯ ಅತ್ಯಂತ ದೊಡ್ಡ ಹೆಸರುಗಳಲ್ಲಿ ಅವನದೂ ಒಂದು. ಅವನ ಬಳಿಯಿದ್ದ ಆ 'ಅಪರೂಪದ ಸಣ್ಣ ಚಿತ್ರ'ಗಳು ಬಹುಶಃ ಮೊಘಲ್ ದರಬಾರಿನ ಮಿನಿಯೇಚರ್‌ಗಳು ಎಂದು ಇಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಏಕೆಂದರೆ ಸುಮಾರು 1656ರಿಂದ 1661ರವರೆಗಿನ ಅವಧಿಯಲ್ಲಿ ಅವನು ಅಂತಹ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ತನ್ನ ಕೈಯಿಂದ ಮತ್ತೆ ಬರೆದಿದ್ದಾನೆ. ಅಕ್ಬರ್, ಜಹಾಂಗೀರ್, ಷಹಜಹಾನ್, ದಾರಾ ಶಿಕೋಹ್ ಎಲ್ಲರೂ ಅವನ ಮೇಜಿನ ಮೇಲೆ ಬಂದು ಹೋಗಿದ್ದಾರೆ. ಹೀಗೆ ಬರೆದ 20ಕ್ಕೂ ಹೆಚ್ಚು ಚಿತ್ರಗಳು ಇಂದಿಗೂ ಉಳಿದಿದ್ದು ಲಂಡನ್, ಆಮ್‌ಸ್ಟರ್‌ಡಾಮ್, ಲಾಸ್ ಏಂಜಲೀಸ್ ಮೊದಲಾದ ನಗರಗಳ ಸಂಗ್ರಹಾಲಯಗಳಲ್ಲಿ ಚದುರಿವೆ.

2018ರ ಮಾರ್ಚ್‌ನಿಂದ ಜೂನ್‌ವರೆಗೆ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಈ ಚಿತ್ರಗಳಲ್ಲಿ ಹೆಚ್ಚಿನವನ್ನು ಒಂದೆಡೆ ತಂದು ಪ್ರದರ್ಶನ ನಡೆಸಿತು. 'ರೆಂಬ್ರಾಂಟ್ ಮತ್ತು ಭಾರತದ ಪ್ರೇರಣೆ' ಎಂದು ಅದರ ಹೆಸರು. ಅದನ್ನು ರೂಪಿಸಿದವರು ಸ್ಟೆಫನಿ ಶ್ರೇಡರ್. ಡಚ್ ಮಹಾಗುರುಗಳ ಪ್ರದರ್ಶನಗಳು ಪಶ್ಚಿಮದಲ್ಲಿ ಪ್ರತಿವರ್ಷ ನಡೆಯುತ್ತಲೇ ಇರುತ್ತವೆ. ಆದರೆ ಇಲ್ಲಿ ರೆಂಬ್ರಾಂಟ್‌ನ ಚಿತ್ರಗಳ ಮಗ್ಗುಲಲ್ಲಿಯೇ ಅವೇ ಬಗೆಯ ಮೊಘಲ್ ಚಿತ್ರಗಳನ್ನು ತೂಗುಹಾಕಿದ್ದರು. ಒಂದನ್ನು ನೋಡಿದ ಕಣ್ಣು ಇನ್ನೊಂದಕ್ಕೆ ಹೊರಳಲೇಬೇಕು. ಮರುವರ್ಷ, ರೆಂಬ್ರಾಂಟ್ ತೀರಿ 350 ವರ್ಷ ತುಂಬಿದ 2019ರಲ್ಲಿ, ಆಮ್‌ಸ್ಟರ್‌ಡಾಮ್‌ನ ರೈಕ್ಸ್ ಮ್ಯೂಸಿಯಂ ಮತ್ತು ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಸೇರಿ ರೆಂಬ್ರಾಂಟ್ ಕಾಲದ ಭಾರತ ಮತ್ತು ನೆದರ್‌ಲ್ಯಾಂಡ್ಸ್ ಕುರಿತು ಇನ್ನೊಂದು ಪ್ರದರ್ಶನ ಏರ್ಪಡಿಸಿದವು.

ಇಂತಹ ಸುದ್ದಿ ಬಂದಾಗ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. 'ನೋಡಿ, ಪಶ್ಚಿಮದವರೂ ನಮ್ಮಿಂದಲೇ ಕಲಿತರು' ಎಂದು ಎದೆಯುಬ್ಬಿಸುವುದು ಒಂದು. 'ದೊಡ್ಡವರು ಮೆಚ್ಚಿದರು, ಆದ್ದರಿಂದ ನಮ್ಮ ಚಿತ್ರಗಳಿಗೂ ಬೆಲೆ ಬಂತು' ಎಂದು ಕೃತಜ್ಞತೆಯಿಂದ ಬಾಗುವುದು ಇನ್ನೊಂದು. ಈ ಎರಡರಲ್ಲಿಯೂ ಅಳತೆಗೋಲು ಪಶ್ಚಿಮದವರ ಕೈಯಲ್ಲಿಯೇ ಉಳಿಯುತ್ತದೆ. ನಿಜವಾಗಿ ನಡೆದದ್ದು ಏನು? ಯಾರು ಯಾರಿಂದ ಪಡೆದರು, ಯಾರ ಹೆಸರು ಉಳಿಯಿತು, ಯಾರದು ಅಳಿಯಿತು? ಈ ಲೆಕ್ಕವನ್ನು ಸ್ವಲ್ಪ ಸಾವಧಾನವಾಗಿ ಮಾಡಬೇಕಾಗಿದೆ.

ಸುಣ್ಣ ಬಳಿದ ಗೋಡೆಗಳು

ಡಚ್ಚರಿಗೆ ಉರ್ದುವಿನಲ್ಲಿ 'ವಲಂದೇಜಿ' ಎಂಬ ಹಳೆಯ ಹೆಸರಿದೆ. ಅವರ ಚಿತ್ರಕಲೆ ಅರ್ಥವಾಗಬೇಕಾದರೆ 1566ನೇ ಇಸವಿಯನ್ನು ನೆನೆಯಬೇಕು. ಆಗ ಆ ನಾಡು ಸ್ಪೇನಿನ ಕ್ಯಾಥೊಲಿಕ್ ದೊರೆಯ ಕೈಕೆಳಗಿತ್ತು. ಆ ವರ್ಷದ ಬೇಸಿಗೆಯಲ್ಲಿ ಪ್ರಾಟೆಸ್ಟಂಟ್ ಮತದ ಜನ ಊರೂರಿನ ಚರ್ಚುಗಳಿಗೆ ನುಗ್ಗಿ ಸಂತರ ವಿಗ್ರಹಗಳನ್ನು ಒಡೆದರು, ಚಿತ್ರಗಳನ್ನು ಹರಿದರು. ದೇವಾಲಯದಲ್ಲಿ ಮನುಷ್ಯ ಮಾಡಿದ ಪ್ರತಿಮೆ ಇರಕೂಡದು ಎಂಬುದು ಕ್ಯಾಲ್ವಿನ್‌ನ ಅನುಯಾಯಿಗಳ ನಂಬಿಕೆ. ಸ್ವತಂತ್ರ ಗಣರಾಜ್ಯ ನೆಲೆಗೊಂಡ ಮೇಲೆ ಚರ್ಚಿನ ಗೋಡೆಗಳಿಗೆ ಸುಣ್ಣ ಬಳಿಯಲಾಯಿತು.

ಹಾರ್ಲೆಮ್ ಊರಿನ ಪೀಟರ್ ಸಾನ್‌ರೆಡಾಮ್ ಎಂಬ ಚಿತ್ರಕಾರ ಇಂತಹ ಚರ್ಚುಗಳ ಒಳಾಂಗಣವನ್ನು ಜೀವನವಿಡೀ ಬರೆದ. ಬಿಳಿಯ ಕಂಬಗಳು, ಎತ್ತರದ ಕಮಾನು, ಕಿಟಕಿಯಿಂದ ಇಳಿಯುವ ಬೆಳಕು, ಬರಿದಾದ ನೆಲ. ನಮ್ಮ ಹಳೆಯ ಮಸೀದಿಗಳ ಒಳಗೆ ನಿಂತವರಿಗೆ ಆ ಚಿತ್ರಗಳು ಅಪರಿಚಿತವೆನಿಸುವುದಿಲ್ಲ.

ಚರ್ಚಿನ ಬಾಗಿಲು ಮುಚ್ಚಿದ ಮೇಲೆ ಚಿತ್ರಕಾರ ಎಲ್ಲಿಗೆ ಹೋಗಬೇಕು? ಅವನು ವರ್ತಕನ ಮನೆಗೆ ಹೋದ. ದೇವರ ಪೀಠಕ್ಕೆ ಬೇಡವಾದ ಚಿತ್ರ ಊಟದ ಕೋಣೆಯ ಗೋಡೆಗೆ ಬೇಕಾಯಿತು. ಹೀಗೆ ಹಾಲು ಸುರಿಯುವ ಕೆಲಸದಾಕೆ, ಪತ್ರ ಓದುವ ಹೆಂಗಸು, ಅರ್ಧ ಸುಲಿದ ನಿಂಬೆಹಣ್ಣು, ಕೊಳದ ಮೇಲಿನ ಮಂಜು ಎಲ್ಲವೂ ಚಿತ್ರಕ್ಕೆ ವಸ್ತುವಾದವು. ಮನೆಯ ವಸ್ತುಗಳ ಜೊತೆಗೆ ಪೂರ್ವದೇಶದ ಸರಕೂ ಚಿತ್ರದೊಳಗೆ ಬಂತು. ವರ್ಮೀರ್‌ನ ಚಿತ್ರಗಳಲ್ಲಿ ಮೇಜಿನ ಮೇಲೆ ಹಾಸಿರುವ ದಪ್ಪ ಗಾಲೀಚೆಗಳು ಪೂರ್ವದ ಮುಸ್ಲಿಮ್ ನೇಕಾರರ ಕೈಗೆಲಸ. ನೆಲಕ್ಕೆ ಹಾಸುವ ಗಾಲೀಚೆಯನ್ನು ಅವರು ಮೇಜಿಗೆ ಹಾಸಿದರು, ಅಷ್ಟು ಬೆಲೆಯದು ಅದು. ವರ್ಮೀರ್‌ನ ಹೆಸರಾಂತ ನೀಲಿಬಣ್ಣ ಅಫ್ಘಾನಿಸ್ತಾನದ ಬದಖ್‌ಶಾನ್ ಬೆಟ್ಟಗಳಲ್ಲಿ ಸಿಗುವ ಲಾಜವರ್ದ್ ಕಲ್ಲಿನಿಂದ ಅರೆದದ್ದು. ಮೊಘಲ್ ಚಿತ್ರಕಾರರ ಆಕಾಶಕ್ಕೂ ಅದೇ ಕಲ್ಲಿನ ನೀಲಿ.

ಚಿತ್ರ ಬರೆಯುವುದು ಸರಿಯೇ ಎಂಬ ಪ್ರಶ್ನೆ ಮುಸ್ಲಿಮ್ ಸಮಾಜದಲ್ಲಿಯೂ ಹಳೆಯದು. ಉಲೇಮಾಗಳ ಆಕ್ಷೇಪ ಒಂದು ಕಡೆ, ದರಬಾರುಗಳ ತಸ್ವೀರ್‌ಖಾನೆಗಳು ಇನ್ನೊಂದು ಕಡೆ, ಎರಡೂ ಶತಮಾನಗಟ್ಟಲೆ ಜೊತೆಜೊತೆಗೆ ಬದುಕಿದವು. ಅಕ್ಬರನ ಅಭಿಪ್ರಾಯವನ್ನು ಅಬುಲ್ ಫಜಲ್ 'ಆಈನೆ ಅಕ್ಬರಿ'ಯಲ್ಲಿ ದಾಖಲಿಸಿದ್ದಾನೆ. ಜೀವಿಯ ಅಂಗಾಂಗಗಳನ್ನೆಲ್ಲ ಬರೆದರೂ ಅದಕ್ಕೆ ಜೀವ ಕೊಡಲಾರೆನೆಂದು ಅರಿಯುವ ಚಿತ್ರಕಾರ ಜೀವದಾತನಾದ ಅಲ್ಲಾಹನನ್ನು ನೆನೆಯಲೇಬೇಕಾಗುತ್ತದೆ ಎಂಬುದು ಅದರ ಸಾರ. ಈ ವಾದವನ್ನು ಒಪ್ಪದವರೂ ಅಂದು ಇದ್ದರು, ಇಂದೂ ಇದ್ದಾರೆ. ನಾವು ಗಮನಿಸಬೇಕಾದದ್ದು ಇಷ್ಟು. ಪ್ರತಿಮೆಯನ್ನು ಪ್ರಾರ್ಥನಾಮಂದಿರದಿಂದ ಹೊರಗಿಟ್ಟ ಎರಡು ಸಮಾಜಗಳು, ಚಿತ್ರವನ್ನು ಮಾತ್ರ ಬದುಕಿನೊಳಗೆ ಇಟ್ಟುಕೊಂಡಿದ್ದವು. ಹದಿನೇಳನೇ ಶತಮಾನದಲ್ಲಿ ಅವುಗಳ ಚಿತ್ರಗಳು ಒಂದನ್ನೊಂದು ಸಂಧಿಸಿದವು.

ಹಡಗು ಹೊತ್ತ ಚಿತ್ರಗಳು

ಡಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದದ್ದು 1602ರಲ್ಲಿ. ಮುಂದಿನ ಎರಡು ದಶಕಗಳೊಳಗೆ ಮಸೂಲಿಪಟ್ಟಣ, ಸೂರತ್, ಆಗ್ರಾಗಳಲ್ಲಿ ಅವರ ಕೋಠಿಗಳು ಎದ್ದವು. ಹತ್ತಿಬಟ್ಟೆ, ನೀಲಿ, ರೇಷ್ಮೆ, ಗೋಲ್ಕೊಂಡದ ವಜ್ರ ಇವೆಲ್ಲ ಹಡಗು ಹತ್ತಿದವು. ಇವುಗಳ ಸಂದಿಯಲ್ಲಿ ಸಣ್ಣಪುಟ್ಟ ಕುತೂಹಲದ ವಸ್ತುಗಳೂ ಹೋದವು. ದರಬಾರಿನ ಪರಿಚಯವಿದ್ದ ಕಂಪನಿಯ ನೌಕರರಿಗೆ ಕಾಣಿಕೆಯಾಗಿಯೋ ಬಜಾರಿನಲ್ಲಿ ಕೊಂಡೋ ಚಿತ್ರಗಳು ಸಿಕ್ಕುತ್ತಿದ್ದವು. ಅದಾಗಲೇ ಆಮ್‌ಸ್ಟರ್‌ಡಾಮ್‌ನಲ್ಲಿ ಪೂರ್ವದ ವಸ್ತುಗಳನ್ನು ಸಂಗ್ರಹಿಸುವ ಶ್ರೀಮಂತರಿದ್ದರು. ರೆಂಬ್ರಾಂಟ್ ಅಷ್ಟು ಶ್ರೀಮಂತನಲ್ಲ, ಆದರೆ ಸಂಗ್ರಹದ ಹುಚ್ಚು ಅವನಿಗೆ ಯಾರಿಗೂ ಕಡಿಮೆಯಿರಲಿಲ್ಲ. ಅವನ ದಿವಾಳಿಗೆ ಅದೂ ಒಂದು ಕಾರಣ.

ಈ ಸಂಚಾರ ಒಮ್ಮುಖವಾಗಿರಲಿಲ್ಲ. ರೆಂಬ್ರಾಂಟ್ ಹುಟ್ಟುವುದಕ್ಕೆ 26 ವರ್ಷ ಮೊದಲು, 1580ರಲ್ಲಿ, ಜೆಸ್ವಿಟ್ ಪಾದ್ರಿಗಳು ಫತೇಪುರ್ ಸೀಕ್ರಿಗೆ ಬಂದು ಆಂಟ್‌ವರ್ಪ್‌ನಲ್ಲಿ ಅಚ್ಚಾದ ಹಲವು ಭಾಷೆಗಳ ಬೈಬಲನ್ನು ಅಕ್ಬರನಿಗೆ ಒಪ್ಪಿಸಿದರು. ಅದರ ಚಿತ್ರಗಳು, ಬಳಿಕ ಬಂದ ಬಿಡಿ ಅಚ್ಚುಚಿತ್ರಗಳು ತಸ್ವೀರ್‌ಖಾನೆಯ ಕುಶಲಿಗಳ ಕೈಸೇರಿದವು. 1600ರಲ್ಲಿ ಅಬುಲ್ ಹಸನ್ ಎಂಬ ಹದಿಮೂರರ ಹುಡುಗ ಜರ್ಮನಿಯ ಡ್ಯೂರರ್‌ನ ಒಂದು ಅಚ್ಚುಚಿತ್ರದಿಂದ ಸಂತ ಯೋಹಾನನ ಆಕೃತಿಯನ್ನು ಅಚ್ಚುಕಟ್ಟಾಗಿ ಬರೆದ. ಅದು ಈಗ ಆಕ್ಸ್‌ಫರ್ಡ್‌ನಲ್ಲಿದೆ. ಮುಂದೆ ಜಹಾಂಗೀರನಿಂದ 'ನಾದಿರುಜ್ಜಮಾನ್' ಎಂಬ ಬಿರುದು ಪಡೆದವನು ಇವನೇ. ಮೊಘಲ್ ಬಾದಶಹರ ತಲೆಯ ಹಿಂದಿನ ಪ್ರಭಾವಲಯ, ಮೋಡದೊಳಗಿನ ರೆಕ್ಕೆಯ ಮಕ್ಕಳು ಯುರೋಪಿನ ಚಿತ್ರಗಳಿಂದ ಬಂದವು. ಆದ್ದರಿಂದ ರೆಂಬ್ರಾಂಟ್ ತನ್ನ ಮೇಜಿನ ಮೇಲೆ ಇಟ್ಟುಕೊಂಡದ್ದು ಕೇವಲ 'ಪೂರ್ವದ' ಕಲೆಯಲ್ಲ. ಯುರೋಪನ್ನು ನೋಡಿ, ಬೇಕಾದದ್ದನ್ನು ಆರಿಸಿಕೊಂಡು, ಉಳಿದದ್ದನ್ನು ಬಿಟ್ಟುಕೊಟ್ಟಿದ್ದ ಆತ್ಮವಿಶ್ವಾಸದ ಕಲೆ ಅದು.

ಬಿರುಸಿನ ಕೈ ಮೃದುವಾದ ಬಗೆ

ರೆಂಬ್ರಾಂಟ್‌ನ ರೇಖೆ ಸಾಮಾನ್ಯವಾಗಿ ಬಿರುಸಿನದು. ಶಾಯಿ ಚೆಲ್ಲಿದಂತೆ ನಾಲ್ಕು ಗೀರು ಎಳೆದು ಒಬ್ಬ ಮುದುಕನನ್ನು ನಿಲ್ಲಿಸಿಬಿಡುತ್ತಿದ್ದ. ಆದರೆ ಮೊಘಲ್ ಚಿತ್ರಗಳ ಎದುರು ಕುಳಿತಾಗ ಅವನ ಕೈ ನಿಧಾನವಾಗಿದೆ. ಜಾಮಾದ ನೆರಿಗೆ, ನಡುವಿಗೆ ಕಟ್ಟಿದ ಪಟ್ಕಾದ ಅಂಚು, ಪೇಟದ ಸುತ್ತು, ಕಠಾರಿಯ ಹಿಡಿ, ಜೋಡಿನ ತುದಿ ಎಲ್ಲವನ್ನೂ ತೆಳುವಾದ ರೇಖೆಯಲ್ಲಿ ಹುಡುಕಿ ಹುಡುಕಿ ಬರೆದಿದ್ದಾನೆ. ಬಳಸಿದ ಕಾಗದವೂ ಬೇರೆ. ಏಷ್ಯಾದಿಂದ ಕಂಪನಿಯ ಹಡಗುಗಳಲ್ಲಿ ಬರುತ್ತಿದ್ದ, ನಯವಾದ, ತುಸು ಹಳದಿ ಬಣ್ಣದ ದುಬಾರಿ ಕಾಗದ. ಮೊಘಲ್ ಕಲಾವಿದ ತನ್ನ ಕಾಗದವನ್ನು ಅಕೀಕ್ ಕಲ್ಲಿನಿಂದ ಉಜ್ಜಿ ನುಣುಪುಗೊಳಿಸಿ, ಅಳಿಲಿನ ಕೂದಲ ಕುಂಚದಿಂದ ಬರೆಯುತ್ತಿದ್ದ. ರೆಂಬ್ರಾಂಟ್‌ನ ಬಳಿ ಇದ್ದದ್ದು ಲೇಖನಿ ಮತ್ತು ಕಂದುಶಾಯಿ. ತನ್ನ ಸಾಧನದಿಂದ ಇನ್ನೊಬ್ಬನ ನವಿರನ್ನು ಮುಟ್ಟಲು ಅವನು ಯತ್ನಿಸಿದ. ಆದರೂ ತನ್ನತನ ಬಿಡಲಿಲ್ಲ. ಮೊಘಲ್ ಚಿತ್ರಗಳಲ್ಲಿ ಮನುಷ್ಯನ ನೆರಳು ನೆಲಕ್ಕೆ ಬೀಳುವುದು ಅಪರೂಪ. ಇವನು ಕೆಲವೆಡೆ ಕಂದು ನೀರಿನ ಒಂದು ಒರೆಸಿನಿಂದ ಕಾಲಬುಡದಲ್ಲಿ ನೆರಳು ತಂದ, ನಿಂತವನಿಗೆ ಭಾರ ಬಂತು.

ಇದಕ್ಕೆ ಮೊದಲೂ ರೆಂಬ್ರಾಂಟ್ ಪೇಟದವರನ್ನು ಬರೆದಿದ್ದ. 1632ರ 'ಪೂರ್ವದ ಉಡುಪಿನ ಮನುಷ್ಯ' ಈಗ ನ್ಯೂಯಾರ್ಕಿನಲ್ಲಿದೆ. ಅದರಲ್ಲಿರುವುದು ಆಮ್‌ಸ್ಟರ್‌ಡಾಮ್‌ನ ಒಬ್ಬ ಮುದುಕ. ತಲೆಗೆ ಪೇಟ, ಮೈಗೆ ಜರಿಯ ಹೊದಿಕೆ ಹಾಕಿಸಿ ನಿಲ್ಲಿಸಿದ ವೇಷ. ಪೂರ್ವವೆಂದರೆ ಯುರೋಪಿಗೆ ಬಹುಕಾಲ ಇಂತಹ ವೇಷದ ಪೆಟ್ಟಿಗೆಯೇ ಆಗಿತ್ತು. ಮೊಘಲ್ ಚಿತ್ರಗಳಿಂದ ಬರೆದವುಗಳಲ್ಲಿ ವೇಷವಿಲ್ಲ, ವ್ಯಕ್ತಿಯಿದ್ದಾನೆ. ಷಹಜಹಾನನ ಗಡ್ಡದ ಅಂಚು, ಮುಖದ ಗಾಂಭೀರ್ಯ ಯಾವ ನಾಟಕದಿಂದಲೂ ಬಂದದ್ದಲ್ಲ.

ಗೆಟ್ಟಿ ಮ್ಯೂಸಿಯಂನ ಸ್ವಂತ ಸಂಗ್ರಹದಲ್ಲಿರುವ ಚಿತ್ರದ ಹೆಸರು 'ಷಹಜಹಾನ್ ಮತ್ತು ದಾರಾ ಶಿಕೋಹ್'. ತಂದೆ ಮತ್ತು ಹಿರಿಯ ಮಗ. ಕತೆ ಬರೆಯುವ ನಮ್ಮಂಥವರಿಗೆ ಈ ಚಿತ್ರದ ಎದುರು ಕಾಲಗಣನೆ ಮಾಡದೆ ಇರಲಾಗುವುದಿಲ್ಲ. 1656ರಲ್ಲಿ ರೆಂಬ್ರಾಂಟ್ ದಿವಾಳಿ. 1657ರಲ್ಲಿ ದಾರಾ ಕಾಶಿಯ ಪಂಡಿತರ ನೆರವಿನಿಂದ 50 ಉಪನಿಷತ್ತುಗಳನ್ನು 'ಸಿರ್ರೆ ಅಕ್ಬರ್' ಎಂಬ ಹೆಸರಿನಲ್ಲಿ ಪಾರಸಿಗೆ ತಂದು ಮುಗಿಸಿದ. 1658ರಲ್ಲಿ ರೆಂಬ್ರಾಂಟ್‌ನ ಮನೆ ಹರಾಜಾಯಿತು. ಅದೇ ವರ್ಷ ಷಹಜಹಾನ್ ತನ್ನ ಇನ್ನೊಬ್ಬ ಮಗ ಔರಂಗಜೇಬನ ಕೈಯಲ್ಲಿ ಆಗ್ರಾ ಕೋಟೆಯ ಬಂದಿಯಾದ. 1659ರಲ್ಲಿ ದಾರಾನ ತಲೆ ಹೋಯಿತು. ಸಿಂಹಾಸನ ಕಳೆದುಕೊಂಡ ದೊರೆಯನ್ನು, ಮನೆ ಕಳೆದುಕೊಂಡ ಚಿತ್ರಕಾರ ಬಹುಶಃ ಆ ದಿನಗಳಲ್ಲಿಯೇ ಬರೆಯುತ್ತಿದ್ದ. ಒಬ್ಬರ ಗತಿ ಒಬ್ಬರಿಗೆ ತಿಳಿದಿರಲಿಲ್ಲ. ದಾರಾನ ಪಾರಸಿ ಪುಸ್ತಕವೂ ಮುಂದೆ ಯುರೋಪಿಗೆ ಹೋಗಿ, 1801-02ರಲ್ಲಿ ಲ್ಯಾಟಿನ್ ಭಾಷೆಗೆ ಬಂದು, ಜರ್ಮನಿಯ ಶೋಪನ್‌ಹಾವರ್‌ನ ಕೈಸೇರಿತು. ಉಪನಿಷತ್ತು ಯುರೋಪನ್ನು ತಲುಪಿದ್ದು ಒಬ್ಬ ಮೊಘಲ್ ರಾಜಕುಮಾರನ ಪಾರಸಿಯ ಮೂಲಕ ಎಂಬುದನ್ನು ಇಂದಿನ ದಿನಗಳಲ್ಲಿ ಮತ್ತೆ ಮತ್ತೆ ಹೇಳಬೇಕಾಗಿದೆ.

ಇಬ್ರಾಹೀಮರ ಅತಿಥಿಗಳು

ಈ ಎಲ್ಲ ಚಿತ್ರಗಳಲ್ಲಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು. ಮರದ ಕೆಳಗೆ ನಾಲ್ವರು ವೃದ್ಧರು ನೆಲದ ಮೇಲೆ ಕುಳಿತಿದ್ದಾರೆ. ಪೇಟ, ಉದ್ದನೆಯ ನಿಲುವಂಗಿ, ಶಾಂತವಾದ ಮಾತುಕತೆ. ಇವರು ಮೊಘಲ್ ಚಿತ್ರವೊಂದರ ಶೇಖರು. ಆ ಮೂಲದ್ದೆಂದು ಗುರುತಿಸಲಾಗಿರುವ ಚಿತ್ರ ಇಂದು ವಿಯೆನ್ನಾದ ಶೋನ್‌ಬ್ರುನ್ ಅರಮನೆಯಲ್ಲಿದೆ.

1656ರಲ್ಲಿ ರೆಂಬ್ರಾಂಟ್ ತಾಮ್ರದ ತಗಡಿನ ಮೇಲೆ ಒಂದು ಎಚಿಂಗ್ ಮಾಡಿದ. ಅದರ ವಸ್ತು ಪ್ರವಾದಿ ಇಬ್ರಾಹೀಮ್(ಅ)ರ ಮನೆಗೆ ದೇವದೂತರು ಅತಿಥಿಗಳಾಗಿ ಬಂದ ಪ್ರಸಂಗ. ಬೈಬಲಿನಲ್ಲಿಯೂ ಕುರ್‌ಆನಿನಲ್ಲಿಯೂ ಬರುವ ಕತೆ ಇದು. ಬೈಬಲಿನಲ್ಲಿ ಅತಿಥಿಗಳು ಉಣ್ಣುತ್ತಾರೆ. ಕುರ್‌ಆನಿನಲ್ಲಿ ಹುರಿದ ಕರುವಿನ ಕಡೆಗೆ ಅವರ ಕೈ ಚಾಚದಿದ್ದುದನ್ನು ಕಂಡು ಇಬ್ರಾಹೀಮ್(ಅ)ರಿಗೆ ಅಂಜಿಕೆಯಾಗುತ್ತದೆ. ರೆಂಬ್ರಾಂಟ್‌ಗೆ ಗೊತ್ತಿದ್ದದ್ದು ಬೈಬಲಿನ ಕತೆ. ಆದರೆ ಅವನು ಅತಿಥಿಗಳನ್ನು ಕೂರಿಸಿದ ಬಗೆ ಆ ಶೇಖರದು. ನೆಲದ ಮೇಲೆ, ಎದುರಿಗೆ ಊಟದ ತಟ್ಟೆ ಇಟ್ಟುಕೊಂಡು, ನಮ್ಮಲ್ಲಿ ದಸ್ತರ್‌ಖಾನಿನ ಸುತ್ತ ಕೂರುವಂತೆ. ಇಬ್ರಾಹೀಮ್(ಅ) ಹೂಜಿ ಹಿಡಿದು ಬಾಗಿದ್ದಾರೆ. ಬಾಗಿಲ ಹಿಂದಿನಿಂದ ಸಾರಾ ಆಲಿಸುತ್ತಿದ್ದಾರೆ. ಇವರೆಲ್ಲರ ಹಿಂದೆ ಒಬ್ಬ ಹುಡುಗ ನಮಗೆ ಬೆನ್ನು ತಿರುಗಿಸಿ, ತನ್ನ ಪಾಡಿಗೆ ತಾನು ಬಿಲ್ಲಿಗೆ ಬಾಣ ಹೂಡಿದ್ದಾನೆ. ಅದು ಬಾಲಕ ಇಸ್ಮಾಯೀಲ್(ಅ). ಆ ಪ್ರಸಂಗದ ಬೈಬಲ್ ವಾಕ್ಯಗಳಲ್ಲಿ ಇಸ್ಮಾಯೀಲ್(ಅ)ರ ಹೆಸರಿಲ್ಲ. ಚಿತ್ರಕಾರನೇ ಆ ಹುಡುಗನಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದಾನೆ.

ಇದನ್ನು ಕಂಡು ಹಿಗ್ಗುವುದು ಸಹಜ. ಆದರೆ ಇಲ್ಲೊಂದು ತೊಡಕೂ ಇದೆ. ರೆಂಬ್ರಾಂಟ್ ಶೇಖರನ್ನು ಏಕೆ ಆರಿಸಿಕೊಂಡ? ಪೂರ್ವದ ಜನ ಬೈಬಲಿನ ಕಾಲದಲ್ಲಿ ಹೇಗೆ ಕೂರುತ್ತಿದ್ದರೋ ಇಂದಿಗೂ ಹಾಗೆಯೇ ಕೂರುತ್ತಾರೆ ಎಂದು ಅವನು ನಂಬಿದ್ದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ಅಂದರೆ ತನ್ನದೇ ಕಾಲದ, ತನ್ನ ದೇಶಕ್ಕಿಂತ ಎಷ್ಟೋ ದೊಡ್ಡದಾದ ಒಂದು ಸಾಮ್ರಾಜ್ಯದ ಜನ ಅವನ ಕಣ್ಣಿಗೆ ಪುರಾತನರಾದರು. ಪೂರ್ವದಲ್ಲಿ ಕಾಲ ನಿಂತುಹೋಗಿದೆ ಎಂಬ ಈ ಭಾವನೆ ರೆಂಬ್ರಾಂಟ್‌ನಲ್ಲಿ ಗೌರವದ ರೂಪದಲ್ಲಿತ್ತು. ಎರಡು ಶತಮಾನಗಳ ಬಳಿಕ ಅದೇ ಭಾವನೆ ವಸಾಹತು ಅಧಿಕಾರಿಗಳ ಬಾಯಲ್ಲಿ ತಿರಸ್ಕಾರವಾಯಿತು. ಗೌರವದಿಂದ ನೋಡುವುದು ಬೇರೆ, ಸಮಕಾಲೀನನಾಗಿ ನೋಡುವುದು ಬೇರೆ.

ನಕಲು ಮತ್ತು ಹೆಸರು

ನಮ್ಮ ಆಡುಮಾತಿನಲ್ಲಿ 'ನಕಲು' ಎಂದರೆ ಈಗ ಬೈಗುಳ. ಪರೀಕ್ಷೆಯಲ್ಲಿ ನಕಲು, ನಕಲಿ ನೋಟು, ನಕಲಿ ವೈದ್ಯ. ಆದರೆ ತಹಸೀಲ್ದಾರರ ಕಚೇರಿಯಲ್ಲಿ ನಕಲು ಪ್ರತಿಗೆ ಇಂದಿಗೂ ಮರ್ಯಾದೆಯಿದೆ. ಹಳೆಯ ತಸ್ವೀರ್‌ಖಾನೆಗಳಲ್ಲಿಯೂ ಇತ್ತು. ಉಸ್ತಾದನ ರೇಖೆಯನ್ನು ಶಾಗಿರ್ದ್ ನಕಲು ಮಾಡಿಯೇ ಕಲಿಯಬೇಕು. ಸುಲೇಖ ಕಲೆಯ ಖುಶ್‌ನವೀಸರದೂ ಅದೇ ದಾರಿ. 50 ದಾಟಿದ, ಹೆಸರು ಮಾಡಿ ಮುಗಿಸಿದ್ದ ರೆಂಬ್ರಾಂಟ್ ಮತ್ತೆ ಶಾಗಿರ್ದನಂತೆ ಕುಳಿತ. ಅವನ ದೊಡ್ಡತನ ಅದರಲ್ಲಿದೆ.

ಆದರೆ ಉಸ್ತಾದ್ ಯಾರು? ಇಲ್ಲಿಯೇ ಪ್ರದರ್ಶನದ ಗೋಡೆ ನಮ್ಮನ್ನು ಕಾಡುವುದು. ಒಂದು ಕಡೆ ರೆಂಬ್ರಾಂಟ್ ಎಂಬ ಹೆಸರು. ಇನ್ನೊಂದು ಕಡೆ ಎಷ್ಟೋ ಚಿತ್ರಗಳಿಗೆ 'ಮೊಘಲ್ ಶೈಲಿ' ಎಂಬ ಗುರುತು ಬಿಟ್ಟರೆ ಬೇರೆ ಹೆಸರಿಲ್ಲ. ಭಾರತದಲ್ಲಿ ಕಲಾವಿದನಿಗೆ ಹೆಸರೇ ಇರಲಿಲ್ಲ ಎಂಬ ಮಾತು ಸುಳ್ಳು. ಅಬುಲ್ ಫಜಲ್ ಅಕ್ಬರನ ಚಿತ್ರಕಾರರ ಹೆಸರುಗಳನ್ನೇ ಪಟ್ಟಿ ಮಾಡಿದ್ದಾನೆ. ಮೀರ್ ಸಯ್ಯದ್ ಅಲಿ, ಅಬ್ದುಸ್ಸಮದ್, ಬಸಾವನ್, ಕೇಸು, ಮಿಸ್ಕೀನ್. ಅವರೊಳಗೆ ದಸ್ವಂತ್ ಎಂಬವನು ಪಲ್ಲಕ್ಕಿ ಹೊರುವ ಕಹಾರನ ಮಗ. ಗೋಡೆಗಳ ಮೇಲೆ ಗೀಚುತ್ತಿದ್ದ ಹುಡುಗನನ್ನು ಅಕ್ಬರ್ ಗುರುತಿಸಿ ಗುರುವಿಗೊಪ್ಪಿಸಿದ. ಷಹಜಹಾನನ ಕಾಲದಲ್ಲಿ ಬಿಚಿತ್ರ್, ಗೋವರ್ಧನ್, ಬಾಲಚಂದ್ ಮತ್ತು ದಖನ್ನಿನಿಂದ ಹೋದವನೆಂದು ಕಲಾ ಇತಿಹಾಸಕಾರರು ಗುರುತಿಸುವ ಹಾಶಿಮ್ ಇದ್ದರು. ಹಿಂದೂ, ಮುಸ್ಲಿಮ್ ಎಂಬ ಭೇದವಿಲ್ಲದೆ ಒಂದೇ ಪುಟದ ಮೇಲೆ ಇಬ್ಬರು ಮೂವರು ಕೆಲಸ ಮಾಡುತ್ತಿದ್ದರು. ಅಂಚಿನಲ್ಲಿ ಅವರ ಹೆಸರು ಬರೆಯುತ್ತಿದ್ದರು. ಅಂಚು ಕತ್ತರಿಸಿಹೋದಾಗ, ಬಜಾರಿಗಾಗಿ ಪ್ರತಿಗಳನ್ನು ಬರೆದಾಗ, ಹೊರದೇಶದ ಕೊಳ್ಳುಗನಿಗೆ ಹೆಸರು ಬೇಡವಾದಾಗ ಅವು ಕಳೆದುಹೋದವು. ಶೋನ್‌ಬ್ರುನ್ ಅರಮನೆಯಲ್ಲಿ ಹದಿನೆಂಟನೇ ಶತಮಾನದಲ್ಲಿ, ಮಾರಿಯಾ ಥೆರೇಸಾ ರಾಣಿಯ ಕಾಲಕ್ಕೆ, ಮೊಘಲ್ ಚಿತ್ರಗಳನ್ನು ಕತ್ತರಿಯಿಂದ ಕತ್ತರಿಸಿ ಜೋಡಿಸಿ ಗೋಡೆಯ ಅಲಂಕಾರದ ಚೌಕಟ್ಟುಗಳಿಗೆ ಅಂಟಿಸಿದ್ದಾರೆ. ಆ ಕೋಣೆಗೆ 'ಮಿಲಿಯನ್ ಕೋಣೆ' ಎಂದು ಹೆಸರು. ಬೆಲೆ ಅಷ್ಟು ಕಟ್ಟಿದರು, ಹೆಸರು ಕೇಳಲಿಲ್ಲ.

ಕುತೂಹಲ ಮತ್ತು ದುರಾಸೆ ಒಂದೇ ಹಡಗಿನಲ್ಲಿ ಪಯಣಿಸಿದವು ಎಂಬುದನ್ನೂ ಹೇಳಬೇಕು. ರೆಂಬ್ರಾಂಟ್‌ನ ಕಾಗದವನ್ನು ತಂದ ಕಂಪನಿಯೇ 1621ರಲ್ಲಿ ಜಾಯಿಕಾಯಿಯ ಏಕಸ್ವಾಮ್ಯಕ್ಕಾಗಿ ಇಂದಿನ ಇಂಡೋನೇಷ್ಯಾದ ಬಾಂದಾ ದ್ವೀಪಗಳ ಮೇಲೆ ದಂಡೆತ್ತಿ ಹೋಯಿತು. ದ್ವೀಪವಾಸಿಗಳಲ್ಲಿ ಬಹುಪಾಲು ಜನ ಸತ್ತರು, ಗುಲಾಮರಾದರು ಇಲ್ಲವೇ ಓಡಿಹೋದರು. ಈಗ ಡಚ್ಚರೇ ಈ ಲೆಕ್ಕವನ್ನು ತೆಗೆಯುತ್ತಿದ್ದಾರೆ ಎಂಬುದು ಮೆಚ್ಚತಕ್ಕ ಮಾತು. 2019ರಲ್ಲಿ ಆಮ್‌ಸ್ಟರ್‌ಡಾಮ್ ಮ್ಯೂಸಿಯಂ ಹದಿನೇಳನೇ ಶತಮಾನಕ್ಕೆ 'ಸುವರ್ಣಯುಗ' ಎಂಬ ಹೆಸರನ್ನು ಇನ್ನು ಬಳಸುವುದಿಲ್ಲವೆಂದು ಘೋಷಿಸಿತು. 2021ರಲ್ಲಿ ರೈಕ್ಸ್ ಮ್ಯೂಸಿಯಂ ಗುಲಾಮಗಿರಿಯ ಬಗ್ಗೆಯೇ ಪ್ರದರ್ಶನ ನಡೆಸಿತು. ರೆಂಬ್ರಾಂಟ್ 1634ರಲ್ಲಿ ಬರೆದ ಮಾರ್ಟನ್ ಮತ್ತು ಓಪ್ಯೆನ್ ದಂಪತಿಯ ಆಳೆತ್ತರದ ಭಾವಚಿತ್ರಗಳೂ ಅದರಲ್ಲಿದ್ದವು. ಮಾರ್ಟನ್‌ನ ಮನೆತನದ ಸಿರಿ ಸಕ್ಕರೆಯಿಂದ ಬಂದದ್ದು, ಆ ಸಕ್ಕರೆ ಬ್ರೆಜಿಲ್‌ನ ಗುಲಾಮರ ದುಡಿಮೆ. ಚಿತ್ರ ಅದೇ, ಆದರೆ ಪಕ್ಕದ ವಿವರ ಬದಲಾದಾಗ ನೋಡುವ ಕಣ್ಣೂ ಬದಲಾಯಿತು.

ಬಿಜಾಪುರದಲ್ಲಿ ಒಬ್ಬ ವಲಂದೇಜಿ

ರೆಂಬ್ರಾಂಟ್ ತನ್ನ ದೇಶ ಬಿಟ್ಟು ಎಲ್ಲಿಗೂ ಹೋದವನಲ್ಲ. ಆದರೆ ಅವನು ನಾಲ್ಕು ವರ್ಷದ ಮಗುವಾಗಿದ್ದಾಗಲೇ ಒಬ್ಬ ಡಚ್ ಚಿತ್ರಕಾರ ನಮ್ಮ ನೆಲಕ್ಕೆ ಬಂದಿದ್ದ ಎಂಬುದು ಕನ್ನಡಿಗರಲ್ಲಿ ಹೆಚ್ಚಿನವರಿಗೆ ತಿಳಿಯದು. ಅವನ ಹೆಸರು ಕಾರ್ನೆಲಿಸ್ ಕ್ಲಾಸ್ ಹೇಡಾ, ಸಾನ್‌ರೆಡಾಮ್‌ನ ಊರಾದ ಅದೇ ಹಾರ್ಲೆಮ್‌ನವನು. ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನ ಆಶ್ರಯದಲ್ಲಿದ್ದು, ಪರ್ಷಿಯಾದ ದಾರಿ ಹಿಡಿದು, ಪೋರ್ಚುಗೀಸರ ಕೈಗೆ ಸಿಕ್ಕಿ, ಕೊನೆಗೆ 1610ರಲ್ಲಿ ಬಿಜಾಪುರದ ಎರಡನೇ ಇಬ್ರಾಹೀಮ್ ಆದಿಲ್ ಷಾನ ದರಬಾರು ಸೇರಿದ. ಸುಮಾರು 1622ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯೇ ಸುಲ್ತಾನನ ಚಿತ್ರಕಾರನಾಗಿದ್ದ. ರೋಮನ್ ಪುರಾಣದ ದೇವತೆಗಳ ಚಿತ್ರ ಬರೆದು ಸುಲ್ತಾನನ ಮೆಚ್ಚುಗೆ ಪಡೆದ. ಕಂಪನಿಗೆ ಅವನು ಬರೆದ ಪತ್ರಗಳು ಉಳಿದುಬಂದಿವೆ.

ಆ ಸುಲ್ತಾನನೂ ಸಾಮಾನ್ಯನಲ್ಲ. ಜನರಿಂದ 'ಜಗದ್ಗುರು' ಎನಿಸಿಕೊಂಡವನು, ದಖನಿ ಭಾಷೆಯಲ್ಲಿ 'ಕಿತಾಬೆ ನವರಸ್' ಬರೆದು ಅದರಲ್ಲಿ ಸರಸ್ವತಿಯನ್ನೂ ಗುಲ್ಬರ್ಗದ ಬಂದೇ ನವಾಜರನ್ನೂ ಒಟ್ಟಿಗೆ ಸ್ತುತಿಸಿದವನು. 1599ರಲ್ಲಿ ಅವನು ಕಟ್ಟಿಸತೊಡಗಿದ ನವರಸಪುರದ ಅವಶೇಷಗಳು, ತೊರವೆ ರಾಮಾಯಣದ ಆ ತೊರವಿಯ ಬಳಿ, ಸಂಗೀತ ಮಹಲಿನ ಕಮಾನುಗಳಲ್ಲಿ ಇಂದಿಗೂ ನಿಂತಿವೆ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಸೂರೆಮಾಡಿತು. ಹೇಡಾ ಅಲ್ಲಿ ಬರೆದನೆಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಉಳಿದಿಲ್ಲ.

ಕಾಲವನ್ನು ಹೊಂದಿಸಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ ಗುಮಾಸ್ತರು ಪಟ್ಟಿ ಬರೆದ ಅದೇ 1656ರಲ್ಲಿ ಮುಹಮ್ಮದ್ ಆದಿಲ್ ಷಾ ತೀರಿಕೊಂಡು ಗೋಲಗುಮ್ಮಟದ ಕೆಳಗೆ ಮಣ್ಣಾದ. ಅಲ್ಲಿಂದ ಮೂವತ್ತೇ ವರ್ಷಕ್ಕೆ, 1686ರಲ್ಲಿ, ಬಿಜಾಪುರ ಔರಂಗಜೇಬನ ವಶವಾಯಿತು, ಮರುವರ್ಷ ಗೋಲ್ಕೊಂಡ. ಆಶ್ರಯ ತಪ್ಪುತ್ತಿದ್ದ ದಖನ್ನಿನ ಚಿತ್ರಕಾರರು ಆ ದಿನಗಳಲ್ಲಿ ಸುಲ್ತಾನರ, ಬಾದಶಹರ ಭಾವಚಿತ್ರಗಳ ಆಲ್ಬಮ್‌ಗಳನ್ನು ಯುರೋಪಿಯನ್ನರಿಗೆ ಬರೆದು ಮಾರಿದರು. ಆಮ್‌ಸ್ಟರ್‌ಡಾಮ್‌ನ ಮೇಯರ್ ಆಗಿದ್ದ ನಿಕೊಲಾಸ್ ವಿಟ್‌ಸೆನ್‌ನ ಸಂಗ್ರಹದಲ್ಲಿದ್ದ ಅಂತಹ ಆಲ್ಬಮ್ ಈಗ ರೈಕ್ಸ್ ಮ್ಯೂಸಿಯಂನಲ್ಲಿದೆ. ಬರೆದವರ ಹೆಸರು ಅದರಲ್ಲಿಯೂ ಇಲ್ಲ.

ವಿಜಯಪುರದಿಂದ ಪೂರ್ವಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಕುಮಟಗಿ ಎಂಬ ಹಳ್ಳಿಯಿದೆ. ಕೆರೆಯ ದಂಡೆಯಲ್ಲಿ ಆದಿಲ್ ಷಾಹಿಗಳ ಬೇಸಿಗೆಯ ವಿಹಾರಮಂಟಪ. ಅದರ ಗೋಡೆಯ ಮೇಲೆ ಚೌಗಾನ್ ಆಡುವ ಸವಾರರು, ಕುಸ್ತಿಯ ಜಟ್ಟಿಗಳು, ಯುರೋಪಿನ ಉಡುಪಿನವರೂ ಇರುವ ಚಿತ್ರಗಳು. ನಗರದೊಳಗಿನ ಆಸಾರ್ ಮಹಲಿನ ಮೇಲಂತಸ್ತಿನ ಗೋಡೆಚಿತ್ರಗಳಲ್ಲಿಯೂ ಯುರೋಪಿನ ಛಾಯೆ ಕಾಣುತ್ತದೆ. ಗೀರು, ಮಸಿ, ತೇವ, ಗೋಡೆಯ ಮೇಲೆ ಕೆತ್ತಿದ ಹೆಸರುಗಳ ನಡುವೆ ಆ ಆಕೃತಿಗಳು ಮಾಸಿಹೋಗಿವೆ. ಬರೆದವನ ಹೆಸರಂತೂ ಎಂದೋ ಹೋಯಿತು. ನೋಡಿ ಹೋದವರ ಹೆಸರುಗಳು ಮಾತ್ರ ಗೋಡೆಯ ಮೇಲೆ ಹೆಚ್ಚಾಗಿವೆ.

ಲಾಸ್ ಏಂಜಲೀಸ್‌ನ ಗೋಡೆಯ ಮೇಲೆ ಯಾರ ಹೆಸರಿಲ್ಲ ಎಂದು ಕೇಳುವ ಹಕ್ಕು ನಮಗಿದೆ. ಕೇಳೋಣ. ಜೊತೆಗೆ ಕುಮಟಗಿಯ ಗೋಡೆಯ ಪ್ರತಿಯೊಂದು ಚಿತ್ರದ ಚೊಕ್ಕ ಛಾಯಾಚಿತ್ರ, ಅಳತೆ, ವಿವರ ಇರುವ ಒಂದು ಪಟ್ಟಿ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರಲಿ. ವಿಜಯಪುರದ ಶಾಲೆಯ ಮಕ್ಕಳಿಗೆ ಗೋಲಗುಮ್ಮಟದ ಪ್ರತಿಧ್ವನಿಯ ಜೊತೆಗೆ ಹಾರ್ಲೆಮ್‌ನಿಂದ ಬಂದ ಹೇಡಾನ ಕತೆಯನ್ನೂ ಹೇಳಿಕೊಡೋಣ. ಆಮ್‌ಸ್ಟರ್‌ಡಾಮ್‌ನ ಗುಮಾಸ್ತ ಬರೆದದ್ದು ಸಾಲ ವಸೂಲಿಯ ಪಟ್ಟಿ. ಆದರೂ ಅದರ ಒಂದು ಸಾಲಿನಿಂದ ಇಷ್ಟೊಂದು ಇತಿಹಾಸ ನಮ್ಮ ಕೈಗೆ ಬಂತು. ನಮ್ಮ ಗೋಡೆಗಳ ಪಟ್ಟಿಯನ್ನು ನಾವು ಇನ್ನೂ ಬರೆಯಬೇಕಾಗಿದೆ.